ಪುಸ್ತಕ ಮುಚ್ಚಿ ಓದುವುದು ಹೇಗೆ? ನೆನಪು, ಗಮನ, ಕಲಿಕೆಗೆ ಸಮಗ್ರ ಮಾರ್ಗದರ್ಶಿ

ವಿಜಯಪುರದ ಯಾವುದಾದರೂ ರೀಡಿಂಗ್ ರೂಮಿಗೆ ಹೋಗಿ ಒಂದು ತಾಸು ಸುಮ್ನೆ ಕೂತು ನೋಡಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಕಾನ್‌ಸ್ಟೆಬಲ್ ಅಂತ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವವರು ಬಹಳ. ಪುಸ್ತಕದ ತುಂಬ ಹೈಲೈಟರ್ ಬಳಿದು ಪುಟವೆಲ್ಲ ಹಳದಿಯಾಗಿರುತ್ತದೆ. ಹೇಗೆ ನಡೆದಿದೆ ಓದು ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಮೂರು ಸರ್ತಿ ಓದೀನ್ರಿ ಸರ, ಪೇಪರ್ ಕೈಗೆ ಬಂದ ಕೂಡ್ಲೇ ಒಂದೂ ನೆನಪಾಗಂಗಿಲ್ಲ."

ಇವರಿಗೆ ನೆನಪಿನ ಶಕ್ತಿ ಕಡಿಮೆ ಅಂತ ನನಗೆ ಅನಿಸಿಲ್ಲ. ತಲೆಯೊಳಗೆ ಹಾಕುವುದನ್ನು ಮೂರು ಸಲ ಅಭ್ಯಾಸ ಮಾಡಿದ್ದಾರೆ. ಹೊರಗೆ ತೆಗೆಯುವುದನ್ನು ಒಂದು ಸಲವೂ ಮಾಡಿಲ್ಲ. ಪರೀಕ್ಷೆ ಕೇಳುವುದು ಹೊರಗೆ ತೆಗೆಯುವುದನ್ನೇ, ಅಲ್ವಾ? ಕೆಳಗಿನ ಹಂತಗಳೆಲ್ಲ ಅದೊಂದನ್ನು ರೂಢಿ ಮಾಡಿಸಲಿಕ್ಕೆ ಇವೆ.

ಶುರು ಮಾಡುವ ಮೊದಲು ಎರಡು ಮಾತು

ಮೊಬೈಲಿನಲ್ಲಿ ಮೆದುಳು ಚುರುಕು ಮಾಡುವ ಆಟಗಳು ಸಿಗುತ್ತವೆ. ಅವನ್ನು ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ. ಅದರಿಂದ ಭಾರತದ ಸಂವಿಧಾನ ನೆನಪಿರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಅಮೆರಿಕದಲ್ಲಿ ಇಂಥ ಆಟ ಮಾರುತ್ತಿದ್ದ ಒಂದು ಕಂಪನಿ, ಜಾಹೀರಾತಿನಲ್ಲಿ ಇಲ್ಲದ್ದು ಹೇಳಿದ್ದಕ್ಕೆ 2016ರಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಇನ್ನು ಬದಾಮು, ಬ್ರಾಹ್ಮಿ ಎಣ್ಣೆ. ಬದಾಮು ತಿನ್ನಿ, ಹೊಟ್ಟೆಗೆ ಒಳ್ಳೆಯದೇ. ಓದದ ಪಾಠ ಮಾತ್ರ ಅದರಿಂದ ನೆನಪಾಗಲ್ಲ.

ಹಂತ 1: ಓದಿದ ಕೂಡಲೇ ಪುಸ್ತಕ ಮುಚ್ಚಿ

ಎರಡು ಅಥವಾ ಮೂರು ಪುಟ ಓದಿ. ಗೆರೆ ಎಳೆಯಬೇಡಿ. ಪುಸ್ತಕ ಮುಚ್ಚಿ ಪಕ್ಕಕ್ಕೆ ಇಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಸಾಲು ಪೂರ್ತಿ ಇರಬೇಕಿಲ್ಲ, ಅಕ್ಷರ ಚೆಂದ ಇರಬೇಕಿಲ್ಲ. ನಿಂತಿತು ಅನಿಸಿದಾಗ ಇನ್ನೂ ಒಂದು ನಿಮಿಷ ತಿಣುಕಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಅದೇ ಹಾಳೆಯಲ್ಲಿ ಸೇರಿಸಿ.

ಮೊದಲ ವಾರ ಇದು ಬೇಸರ ತರಿಸುತ್ತದೆ. ಎರಡು ಪುಟ ಓದಿ ನಾಲ್ಕೇ ಸಾಲು ಬಂತಲ್ಲ ಅಂತ ಮನಸ್ಸು ಕುಗ್ಗುತ್ತದೆ. ಬಹಳ ಜನ ಇಲ್ಲೇ ಕೈಬಿಟ್ಟು ಮತ್ತೆ ಹೈಲೈಟರ್ ಹಿಡಿಯುತ್ತಾರೆ. ಕೈಬಿಡಬೇಡಿ. ಆ ತಿಣುಕಾಟವೇ ಇಲ್ಲಿ ಕೆಲಸ ಮಾಡುವುದು.

ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಃಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪಾಠ ನೋಡದೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ ಇದ್ದರು. ಒಂದು ವಾರದ ನಂತರ ನೋಡಿದರೆ ಲೆಕ್ಕ ತಿರುಗಿತ್ತು. ನೆನಪಿನಿಂದ ಬರೆದವರು ಎದ್ದು ಕಾಣುವಷ್ಟು ಮುಂದೆ ಹೋಗಿದ್ದರು. ಮರುಓದು ನಮ್ಮನ್ನು ಮೋಸ ಮಾಡುವುದು ಇಲ್ಲೇ. ಓದಿದ ತಕ್ಷಣ ಎಲ್ಲ ಗೊತ್ತಿದೆ ಅನಿಸುತ್ತದೆ. ಪುಟ ಕಣ್ಣಿಗೆ ಪರಿಚಯವಾಗಿರುತ್ತದೆ, ಅಷ್ಟೇ.

ಈ ಸೀಮೆಯಲ್ಲಿ ಇದು ಹೊಸದೇನಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಶ್ರೀಕೃಷ್ಣ ಪಾರಿಜಾತ ಆಡುವವರು ರಾತ್ರಿಯಿಡೀ ಹಾಡು, ಮಾತು ಎರಡನ್ನೂ ಪುಸ್ತಕ ಇಲ್ಲದೆ ನಡೆಸುತ್ತಾರೆ. ತಾಲೀಮಿನಲ್ಲಿ ಹಾಡುವುದು, ತಪ್ಪಿದಲ್ಲಿ ಹಿರಿಯರು ತಿದ್ದುವುದು, ಮತ್ತೆ ಹಾಡುವುದು. ಕಲಿತದ್ದೆಲ್ಲ ಬಾಯಿಂದ ಹೊರಗೆ ಬಂದೇ ಕಲಿತದ್ದು.

ಹಂತ 2: ನೋಟ್ಸ್ ಬಿಡಿ, ಪ್ರಶ್ನೆ ಮಾಡಿ

ನೋಟ್ಸ್ ಅಂದರೆ ಹಲವರಿಗೆ ಪುಸ್ತಕವನ್ನೇ ಚಿಕ್ಕ ಅಕ್ಷರದಲ್ಲಿ ಮತ್ತೊಮ್ಮೆ ಇಳಿಸುವುದು. ಅದರ ಬದಲು ಓದಿದ್ದನ್ನು ಪ್ರಶ್ನೆಗೆ ತಿರುಗಿಸಿ. ಚಿಕ್ಕ ಚೀಟಿಯ ಒಂದು ಬದಿಗೆ ಪ್ರಶ್ನೆ, ಹಿಂದೆ ಉತ್ತರ ಬರೆಯಿರಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ: "ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಇದನ್ನು ರಚಿಸಿದವನು ರವಿಕೀರ್ತಿ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ವಿಷಯ ಇದರಲ್ಲಿ ಬರುತ್ತದೆ."

"ಐಹೊಳೆ ಶಾಸನದ ಬಗ್ಗೆ ಬರೆಯಿರಿ" ಅಂತ ಒಂದೇ ಚೀಟಿ ಮಾಡಿದರೆ ಪ್ರಯೋಜನ ಇಲ್ಲ. ಅರ್ಧ ಗೊತ್ತಿದ್ದರೂ ಸರಿ ಅಂತ ನಮಗೆ ನಾವೇ ಮಾರ್ಕ್ಸ್ ಕೊಟ್ಟುಕೊಳ್ಳುತ್ತೇವೆ. ಒಂದು ಚೀಟಿಗೆ ಒಂದೇ ವಿಷಯ ಇರಲಿ:

- ಐಹೊಳೆ ಶಾಸನ ಯಾವ ಗುಡಿಯಲ್ಲಿದೆ?
- ಅದನ್ನು ರಚಿಸಿದವನು ಯಾರು?
- ಯಾವ ಇಸವಿಯದು?
- ಅದರಲ್ಲಿ ಸೋತ ಉತ್ತರದ ದೊರೆ ಯಾರು?
- ರವಿಕೀರ್ತಿ ಯಾರ ಆಸ್ಥಾನದವನು?

ಇದರ ಜೊತೆ ಯಾಕೆ ಅನ್ನುವ ಪ್ರಶ್ನೆಯೂ ಒಂದು ಬೇಕು. ಜೈನ ಗುಡಿಯೊಂದರ ಶಾಸನದಲ್ಲಿ ರಾಜನ ಯುದ್ಧದ ವರ್ಣನೆ ಯಾಕೆ ಬಂತು? ಇದನ್ನು ಪರೀಕ್ಷೆಯಲ್ಲಿ ಯಾರೂ ಕೇಳದೆ ಇರಬಹುದು. ಆದರೂ ಉತ್ತರ ಹುಡುಕುವಾಗ ಉಳಿದ ಐದೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂಟಿಯಾಗಿ ಇಟ್ಟ ಇಸವಿ ಬೇಗ ಜಾರುತ್ತದೆ. ಆಗುವುದಾದರೆ ಒಂದು ಭಾನುವಾರ ಐಹೊಳೆಗೇ ಹೋಗಿ ಬನ್ನಿ. ಮೇಗುತಿ ಗುಡ್ಡ ಹತ್ತಿ ಆ ಕಲ್ಲಿನ ಮುಂದೆ ನಿಂತವರಿಗೆ ಮೊದಲ ಚೀಟಿ ಬೇಕಾಗುವುದಿಲ್ಲ.

ಹಂತ 3: ಬೂಟಿನ ಡಬ್ಬಿಯಲ್ಲಿ ಮೂರು ಮನೆ

ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ನೆನಪು ಮೊದಲ ಕೆಲವು ತಾಸಿನಲ್ಲೇ ಜೋರಾಗಿ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ ಅನ್ನುವುದು ಅವನಿಗೆ ಕಂಡದ್ದು. ಹಾಗಾಗಿ ಒಂದೇ ದಿನ ಹತ್ತು ಸಲ ನೋಡುವುದಕ್ಕಿಂತ ಅದೇ ಹತ್ತು ಸಲವನ್ನು ದಿನಗಳ ಮೇಲೆ ಹರಡಬೇಕು.

ಇದಕ್ಕೆ ಆ್ಯಪ್‌ಗಳಿವೆ. ನನಗೆ ಡಬ್ಬಿಯೇ ಮೇಲು, ಅದರಲ್ಲಿ ಇನ್‌ಸ್ಟಾಗ್ರಾಂ ಬರುವುದಿಲ್ಲ. ಒಂದು ಖಾಲಿ ಬೂಟಿನ ಡಬ್ಬಿಗೆ ರಟ್ಟಿನ ಅಡ್ಡಗೋಡೆ ಹಾಕಿ ಮೂರು ಮನೆ ಮಾಡಿ. ಹೊಸ ಚೀಟಿಗಳೆಲ್ಲ ಮೊದಲ ಮನೆಗೆ. ಮೊದಲ ಮನೆಯನ್ನು ದಿನಾ ನೋಡಬೇಕು. ಎರಡನೆಯದನ್ನು ಪ್ರತಿ ಸೋಮವಾರ. ಮೂರನೆಯದನ್ನು ಅಮಾವಾಸ್ಯೆ ಮತ್ತು ಹುಣ್ಣಿಮೆಗೆ. ನಮ್ಮ ಮನೆಗಳಲ್ಲಿ ಅಮಾವಾಸ್ಯೆ ಯಾವತ್ತು ಅಂತ ಯಾರಾದರೊಬ್ಬರು ನೆನಪಿಸಿಯೇ ನೆನಪಿಸುತ್ತಾರೆ. ಬೇರೆ ಅಲಾರಂ ಬೇಕಿಲ್ಲ.

ಚೀಟಿಯ ಉತ್ತರ ಸರಿ ಬಂದರೆ ಮುಂದಿನ ಮನೆಗೆ ಹೋಗುತ್ತದೆ. ತಪ್ಪಾದರೆ ಎಲ್ಲೇ ಇರಲಿ, ವಾಪಸ್ ಮೊದಲ ಮನೆಗೆ. ಇಲ್ಲಿ ರಿಯಾಯಿತಿ ಬೇಡ. ಉತ್ತರವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಚೀಟಿ ತಿರುಗಿಸಬೇಕು. ಮನಸ್ಸಿನಲ್ಲೇ "ಇದು ಗೊತ್ತು" ಅಂದುಕೊಂಡು ತಿರುಗಿಸಿದರೆ ಅದು ಮತ್ತೆ ಓದಿದ ಹಾಗೇ ಆಯಿತು. ದಿನಕ್ಕೆ ಹೊಸ ಚೀಟಿ 15 ದಾಟಿಸಬೇಡಿ. ಉತ್ಸಾಹದಲ್ಲಿ ದಿನಕ್ಕೆ 60 ಬರೆದವರ ಡಬ್ಬಿ ತಿಂಗಳೊಪ್ಪತ್ತಿನಲ್ಲಿ ಅಟ್ಟಕ್ಕೆ ಹೋಗುತ್ತದೆ.

ಹಂತ 4: ಊರಿನ ದಾರಿಯಲ್ಲಿ ಪಟ್ಟಿ, ಅಕ್ಷರದಲ್ಲಿ ಇಸವಿ

ಕೆಲವು ವಿಷಯಗಳಿಗೆ ಒಳಗಿನ ತರ್ಕ ಇರುವುದಿಲ್ಲ. ಪಟ್ಟಿ, ಅನುಕ್ರಮ, ಇಸವಿ ಇಂಥವು. ಇವಕ್ಕೆ ಬಹಳ ಹಳೆಯ ಉಪಾಯವೊಂದಿದೆ. ಚೆನ್ನಾಗಿ ಗೊತ್ತಿರುವ ಒಂದು ದಾರಿಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ವಿಷಯವನ್ನು ಚಿತ್ರವಾಗಿ ಇಡುವುದು. ಗ್ರೀಕರು, ರೋಮನ್ನರು ಭಾಷಣ ನೆನಪಿಡಲು ಹೀಗೆ ಮಾಡುತ್ತಿದ್ದರು. ಇಂದಿನ ನೆನಪಿನ ಸ್ಪರ್ಧೆಗಳಲ್ಲಿ ಗೆಲ್ಲುವವರೂ ಹೆಚ್ಚಾಗಿ ಮಾಡುವುದು ಇದನ್ನೇ. ಮನುಷ್ಯನಿಗೆ ಜಾಗಗಳು ಸುಲಭವಾಗಿ ನೆನಪಿರುತ್ತವೆ, ವಿಚಿತ್ರ ದೃಶ್ಯಗಳೂ ನೆನಪಿರುತ್ತವೆ. ಎರಡನ್ನೂ ಜೋಡಿಸುವುದಷ್ಟೇ.

ವಿಜಯಪುರದವರಿಗೆ ದಾರಿ ಹುಡುಕುವ ಕೆಲಸವೇ ಇಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಬನ್ನಿ: ರೈಲ್ವೆ ಸ್ಟೇಶನ್, ಗೋಳಗುಮ್ಮಟ, ಬಾರಾಕಮಾನ್, ಗಾಂಧಿ ಚೌಕ, ಸಿದ್ಧೇಶ್ವರ ಗುಡಿ, ಉಪ್ಲಿ ಬುರುಜ್, ಮಲಿಕ್-ಎ-ಮೈದಾನ್ ತೋಪು, ಇಬ್ರಾಹಿಂ ರೋಜಾ. ಎಂಟು ಜಾಗ. ಕನ್ನಡಕ್ಕೆ ಜ್ಞಾನಪೀಠ ತಂದವರೂ ಎಂಟು ಜನ. ಪ್ರತಿ ಪರೀಕ್ಷೆಯಲ್ಲೂ ಇಣುಕುವ ಪಟ್ಟಿ ಇದು.

ಇಸವಿಗೆ ಕಟಪಯಾದಿ ಬಳಸೋಣ. ಕರ್ನಾಟಕ ಸಂಗೀತದಲ್ಲಿ ಮೇಳಕರ್ತ ರಾಗಗಳ ಹೆಸರಲ್ಲೇ ಸಂಖ್ಯೆ ಅಡಗಿಸಿದ್ದು ಇದರಿಂದಲೇ. ಅಕ್ಷರಕ್ಕೆ ಅಂಕಿ ಹೀಗೆ:

1: ಕ ಟ ಪ ಯ
2: ಖ ಠ ಫ ರ
3: ಗ ಡ ಬ ಲ
4: ಘ ಢ ಭ ವ
5: ಙ ಣ ಮ ಶ
6: ಚ ತ ಷ
7: ಛ ಥ ಸ
8: ಜ ದ ಹ
9: ಝ ಧ
0: ಞ ನ

ಕಾಗುಣಿತಕ್ಕೆ ಬೆಲೆ ಇಲ್ಲ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಬಂದ ಅಂಕಿಗಳನ್ನು ಹಿಂದುಮುಂದು ಮಾಡಿ ಓದಬೇಕು. ಮೇಚಕಲ್ಯಾಣಿಯಲ್ಲಿ ಮೇ ಅಂದರೆ 5, ಚ ಅಂದರೆ 6, ತಿರುಗಿಸಿದರೆ 65. ಅದು 65ನೇ ಮೇಳ. ನಮಗೆ ಇಸವಿಯ ಕೊನೆಯ ಎರಡು ಅಂಕಿ ಸಾಕು.

ಈಗ ನಡೆಯೋಣ.

ಸ್ಟೇಶನ್ನಿನಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಕಪಿಗಳು ಕಲ್ಲು ಪೇರಿಸಿ ಸೇತು ಕಟ್ಟುತ್ತಿವೆ. ಮೇಲೆ ನಿಂತು ನೋಡುತ್ತಿರುವವರು ರಾಮಾಯಣ ಬರೆದ ಕುವೆಂಪು. ಸೇ 7, ತು 6. ತಿರುಗಿಸಿ: 1967.

ಗೋಳಗುಮ್ಮಟದ ನಾಲ್ಕು ಮಿನಾರುಗಳಿಗೆ ನಾಲ್ಕು ತಂತಿ ಬಿಗಿದಿದೆ. ಕೆಂಪು ಬಸ್ಸಿನ ಟಾಪ್ ಮೇಲೆ ನಿಂತ ಬೇಂದ್ರೆ ಅವನ್ನು ಮೀಟುತ್ತಿದ್ದಾರೆ, ಒಳಗೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಅದು ಮತ್ತೆ ಮತ್ತೆ ಮೊಳಗುತ್ತಿದೆ. ಪ್ರಶಸ್ತಿ ಬಂದ ಸಂಕಲನ ನಾಕು ತಂತಿ. ಬಸ್ಸು: 3, 7. ಅಂದರೆ 1973.

ಬಾರಾಕಮಾನಿನ ಕೆಳಗೆ ಮೂಕಜ್ಜಿ ಕೂತಿದ್ದಾಳೆ. ಎದುರಿಗೆ ಸೊಸೆ ಒಂದೇ ಸಮನೆ ವದರುತ್ತಿದ್ದಾಳೆ. ನಡುವೆ ಸಿಕ್ಕಿಬಿದ್ದ ಕಾರಂತರು. ಸೊಸೆ: 7, 7. 1977.

ಗಾಂಧಿ ಚೌಕದ ನಟ್ಟನಡುವೆ ಗಾದಿ ಹಾಕಿಕೊಂಡು ಮಾಸ್ತಿ ಕೂತಿದ್ದಾರೆ, ಟಂಟಂಗಳು ಸುತ್ತುವರಿದು ಹಾರನ್ ಹೊಡೆಯುತ್ತಿವೆ. ಗಾದಿ: 3, 8. 1983.

ಸಿದ್ಧೇಶ್ವರ ಗುಡಿಯ ಅಂಗಳದಲ್ಲಿ ಸಂಕ್ರಾಂತಿ ಜಾತ್ರೆಯ ಗದ್ದಲ. ಅದರ ನಡುವೆ ವಿ.ಕೃ. ಗೋಕಾಕರು ನಿಧಿ ಅಗೆಯುತ್ತಿದ್ದಾರೆ. ನಿಧಿ: 0, 9. 1990.

ಉಪ್ಲಿ ಬುರುಜಿನ ಹೊರಗೆ ಸುತ್ತಿಕೊಂಡು ಹೋಗುವ ಮೆಟ್ಟಿಲಲ್ಲಿ ಒಬ್ಬ ವಧು ಸೀರೆ ಎತ್ತಿ ಹಿಡಿದು ಹತ್ತುತ್ತಿದ್ದಾಳೆ. ಹಿಂದೆ ಟ್ರಂಕ್ ಹೊತ್ತು ಏದುಸಿರು ಬಿಡುತ್ತಿರುವವರು ಅನಂತಮೂರ್ತಿ. ವಧು: 4, 9. 1994.

ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ಬಾಯಿ. ಅದರಿಂದ ಗುಂಡಿನ ಬದಲು ದಧಿ ಹಾರಿ ಬಂದು ಕಾರ್ನಾಡರ ಜುಬ್ಬ ತೊಯ್ದಿದೆ. ಮೊಸರಿಗೆ ದಧಿ ಅಂದದ್ದು ಸ್ವಲ್ಪ ಎಳೆದಾಡಿದ್ದೇ, ಆದರೆ ನೆನಪಿರುತ್ತದೆ. ದಧಿ: 8, 9. 1998.

ಇಬ್ರಾಹಿಂ ರೋಜಾದ ಕಟ್ಟೆಯ ಮೇಲೆ ಕಂಬಾರರು ಕತೆ ಹೇಳುತ್ತಿದ್ದಾರೆ. ಎದುರಿಗೆ ಒಂದು ನಾಯಿ ಕಿವಿ ನಿಮಿರಿಸಿ ಕೂತು ಕೇಳುತ್ತಿದೆ. ನಾಯಿ: 0, 1. ಇದೊಂದೇ ಎರಡು ಸಾವಿರದ ಆಚೆ: 2010.

ಈಗ ಕಣ್ಣು ಮುಚ್ಚಿ ಸ್ಟೇಶನ್ನಿನಿಂದ ಒಮ್ಮೆ ನಡೆದು ಬನ್ನಿ. ಆಮೇಲೆ ರೋಜಾದಿಂದ ಹಿಂದಕ್ಕೆ. ಬಹುತೇಕರಿಗೆ ಎರಡನೇ ಸುತ್ತಿಗೇ ಪಟ್ಟಿ ಕೂತಿರುತ್ತದೆ. ಆದರೆ ರಾತ್ರಿ ಒಮ್ಮೆ, ನಾಳೆ ಒಮ್ಮೆ, ಸೋಮವಾರ ಒಮ್ಮೆ ನಡೆಯಬೇಕು. ಇಲ್ಲವಾದರೆ ಇದೂ ಅಳಿಸುತ್ತದೆ.

ನಿಮ್ಮ ಪಟ್ಟಿಗೆ ನಿಮ್ಮದೇ ಚಿತ್ರ ಕಟ್ಟಿ. ಚಿತ್ರ ಎಷ್ಟು ಅಸಂಬದ್ಧವೋ ಅಷ್ಟು ಒಳ್ಳೆಯದು. ಅದರಲ್ಲಿ ಸದ್ದು, ವಾಸನೆ, ಓಡಾಟ ಇರಲಿ. ಸುಮ್ನೆ ನಿಂತಿರುವ ಚಿತ್ರ ಉಳಿಯುವುದಿಲ್ಲ. ಒಂದು ದಾರಿಯಲ್ಲಿ ಒಂದೇ ಪಟ್ಟಿ ಇಡಿ. ಬಾದಾಮಿ ಚಾಲುಕ್ಯರ ಅರಸರಿಗೆ ಬೇರೆ ದಾರಿ ಬೇಕು, ನಿಮ್ಮ ಊರಿನ ಅಗಸಿಯಿಂದ ಮನೆಯವರೆಗಿನದು ಆದೀತು. ಇನ್ನೊಂದು ಮಾತು: ಅರ್ಥ ಮಾಡಿಕೊಳ್ಳಬೇಕಾದ ವಿಷಯಕ್ಕೆ ಈ ಉಪಾಯ ಹಚ್ಚಬೇಡಿ. ಹಣದುಬ್ಬರ ಯಾಕೆ ಆಗುತ್ತದೆ ಅನ್ನುವುದನ್ನು ಚೌಕದಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ.

ಹಂತ 5: ಗಮನ

ಗಮನ ಇಲ್ಲದೆ ಒಳಗೆ ಹೋಗದ್ದು ಹೊರಗೆ ಬರುವ ಪ್ರಶ್ನೆಯೇ ಇಲ್ಲ. ಇಲ್ಲಿ ಮನೋಬಲಕ್ಕಿಂತ ದೂರ ಮುಖ್ಯ. ಮೊಬೈಲು ಸೈಲೆಂಟ್ ಮಾಡಿ ಬೋರಲು ಹಾಕಿದರೆ ಸಾಲದು. ಅದು ಬೇರೆ ಕೋಣೆಯಲ್ಲಿ ಇರಬೇಕು. ರೂಮು ಒಂದೇ ಇದ್ದರೆ ಚೀಲದೊಳಗೆ ಹಾಕಿ ಚೀಲ ಬಾಗಿಲ ಹಿಂದೆ ತೂಗುಹಾಕಿ. ಎದ್ದು ಹೋಗಿ ತೆಗೆಯುವ ಬೇಸರ ಒಂದಿದ್ದರೆ ಕೈ ಅರ್ಧ ಸಲ ತಾನೇ ಸುಮ್ಮನಾಗುತ್ತದೆ.

25 ನಿಮಿಷ ಓದಿ 5 ನಿಮಿಷ ಬಿಡುವ ಪದ್ಧತಿ ಎಲ್ಲರಿಗೂ ಗೊತ್ತು. ಆರಂಭಕ್ಕೆ ಒಳ್ಳೆಯದು. ಬಿಡುವಿನಲ್ಲಿ ರೀಲ್ಸ್ ನೋಡಿದರೆ ಅದು ಬಿಡುವಲ್ಲ. ನೀರು ಕುಡಿಯಿರಿ, ಓಡಾಡಿ, ಕಿಟಕಿಯಾಚೆ ನೋಡಿ. ಎರಡು ಮೂರು ವಾರದ ಮೇಲೆ 25ನ್ನು 40, 50ಕ್ಕೆ ಎಳೆಯಿರಿ.

ಪಕ್ಕದಲ್ಲಿ ಒಂದು ಹಾಳೆ ಇರಲಿ. ಓದುವಾಗ ಬರುವ ಅಡ್ಡ ಯೋಚನೆಗಳನ್ನು ಅದರಲ್ಲಿ ಒಂದೇ ಪದದಲ್ಲಿ ಗೀಚಿ ಮುಂದುವರಿಯಿರಿ: ಗ್ಯಾಸ್, ಅವ್ವಗ ಫೋನು, ಹಾಲ್ ಟಿಕೆಟ್. ಬರೆದ ಮೇಲೆ ತಲೆ ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸುವುದಿಲ್ಲ.

ಉಸಿರು ಎಣಿಸುವ ಅಭ್ಯಾಸವನ್ನೂ ಸೇರಿಸಬಹುದು. ಬೆಳಿಗ್ಗೆ 10 ನಿಮಿಷ ಬೆನ್ನು ನೇರ ಮಾಡಿ ಕೂತು, ಹೊರಬಿಡುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಮನಸ್ಸು ಎಲ್ಲೋ ಹೋಯಿತು ಅಂತ ಗೊತ್ತಾಗಿ ವಾಪಸ್ ತರುವುದೇ ಇಲ್ಲಿನ ಅಭ್ಯಾಸ, ಹಾಗಾಗಿ ಲೆಕ್ಕ ತಪ್ಪಿದ್ದಕ್ಕೆ ಬೇಜಾರು ಬೇಡ. ಪವಾಡ ನಿರೀಕ್ಷಿಸಬೇಡಿ. ಅಲೆದಾಡುತ್ತಿದ್ದೇನೆ ಅಂತ ಸ್ವಲ್ಪ ಬೇಗ ಅರಿವಾದರೆ ಸಾಕು.

ಹಂತ 6: ಕಲಬೆರಕೆ ಮಾಡಿ

ಗಣಿತದಲ್ಲಿ ಲಾಭ-ನಷ್ಟದ 30 ಲೆಕ್ಕ ಒಂದೇ ಸಮ ಬಿಡಿಸಿದರೆ ಮೂರನೆಯದರಿಂದ ಆಚೆ ಕೈ ಮಾತ್ರ ಓಡುತ್ತದೆ. ಪರೀಕ್ಷೆಯಲ್ಲಿ ಕಷ್ಟ ಇರುವುದು ಇದು ಯಾವ ಜಾತಿಯ ಲೆಕ್ಕ ಅಂತ ಗುರುತಿಸುವುದರಲ್ಲಿ. ಲಾಭ-ನಷ್ಟ, ಬಡ್ಡಿ, ಕಾಲ-ಕೆಲಸ, ಅನುಪಾತ ಎಲ್ಲ ಬೆರೆಸಿ ಬಿಡಿಸಿ. ವೇಗ ಕಡಿಮೆ ಆಗುತ್ತದೆ, ತಪ್ಪೂ ಜಾಸ್ತಿ. ಆದರೂ ಅದೇ ಸರಿ.

ಹಂತ 7: ಯಾರಿಗಾದರೂ ಹೇಳಿ

ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳ ಪ್ರವಚನ ಈ ಭಾಗದಲ್ಲಿ ಕೇಳದ ಮನೆ ಕಡಿಮೆ. ಅವರು 2023ರ ಜನವರಿ 2ರಂದು ಲಿಂಗೈಕ್ಯರಾದರು, ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಒಂದು ಪ್ರವಚನ ಹಾಕಿಕೊಂಡು, ಬೇರೆ ಏನೂ ಮಾಡದೆ ಕೇಳಿ. ಮುಗಿದ ಮೇಲೆ ಮನೆಯವರಿಗೆ ಮೂರು ವಿಷಯ ನಿಮ್ಮ ಮಾತಿನಲ್ಲಿ ಹೇಳಿ. ಇದು ಗಮನಕ್ಕೂ ತಾಲೀಮು, ನೆನಪಿಗೂ ತಾಲೀಮು.

ಪಠ್ಯಕ್ಕೂ ಅದನ್ನೇ ಮಾಡಿ. ರೂಮ್‌ಮೇಟಿಗೆ ಹಣಕಾಸು ಆಯೋಗ ಅಂದರೇನು ಅಂತ ನಿಮ್ಮೂರ ಭಾಷೆಯಲ್ಲಿ ವಿವರಿಸಿ. ಅವನು "ಮತ್ಯಾಕೋ ಹಂಗ?" ಅಂದಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಗೊತ್ತಿಲ್ಲ. ಆ ಜಾಗಕ್ಕೆ ಒಂದು ಚೀಟಿ ಮಾಡಿ ಡಬ್ಬಿಗೆ ಹಾಕಿ.

ಹಂತ 8: ನಿದ್ದೆ ಮತ್ತು ಬಿಸಿಲು

ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡುವುದು ನಿದ್ದೆಯಲ್ಲಿ. ರಾತ್ರಿ ಎರಡರವರೆಗೆ ಓದಿ ಐದಕ್ಕೆ ಏಳುವ ಸಾಹಸವನ್ನು ರೀಡಿಂಗ್ ರೂಮುಗಳಲ್ಲಿ ದೊಡ್ಡ ವ್ರತದಂತೆ ಹೇಳಿಕೊಳ್ಳುತ್ತಾರೆ. ಅದು ಓದಿದ್ದನ್ನು ತಾನೇ ಅಳಿಸುವ ಕೆಲಸ. ಏಳು ತಾಸು ಮಲಗಿ. ಮಲಗುವ ಮುಂಚೆ ಹಾಸಿಗೆಯ ಮೇಲೆ ಕೂತು ಆ ದಿನ ಓದಿದ್ದನ್ನು ಪುಸ್ತಕ ಇಲ್ಲದೆ ಒಮ್ಮೆ ನೆನೆಯಿರಿ.

ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಪತ್ರಾಸ್ (ತಗಡಿನ ಮಾಳಿಗೆಯ) ರೂಮಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಷ್ಟದ ವಿಷಯ ಹಿಡಿಯುವುದು ದಡ್ಡತನ. ಹೊಸ ಪಾಠ ಬೆಳಿಗ್ಗೆ ಆರರಿಂದ ಹತ್ತರೊಳಗೆ ಮುಗಿಸಿ. ಮಧ್ಯಾಹ್ನಕ್ಕೆ ಚೀಟಿ ಡಬ್ಬಿ, ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಳ್ಳಿ. ರೊಟ್ಟಿ ಉಂಡ ಮೇಲೆ 20 ನಿಮಿಷ ಕಣ್ಣು ಮುಚ್ಚಿದರೆ ತಪ್ಪಿಲ್ಲ, ಎರಡು ತಾಸು ಮಲಗಿದರೆ ಸಂಜೆಯೂ ಹೋಯಿತು. ಮಜ್ಜಿಗೆ, ನೀರು ಕೈಗೆ ಸಿಗುವಂತಿರಲಿ, ಬಾಯಾರಿದ ತಲೆ ಬೇಗ ಸೋಲುತ್ತದೆ. ಸಂಜೆ ಅರ್ಧ ತಾಸು ಬಿರುಸಾಗಿ ನಡೆಯಿರಿ.

ಮನೆಯ ಹಿರಿಯರ ಬಗ್ಗೆ

ಹೆಸರು ಮರೆಯುವುದು, ಕನ್ನಡಕ ಎಲ್ಲೋ ಇಟ್ಟು ಹುಡುಕುವುದು ವಯಸ್ಸಿನ ಜೊತೆ ಬರುತ್ತದೆ. ಆದರೆ ಗೊತ್ತಿರುವ ಓಣಿಯಲ್ಲೇ ದಾರಿ ತಪ್ಪುವುದು, ಒಂದೇ ಪ್ರಶ್ನೆ ಸ್ವಲ್ಪ ಹೊತ್ತಿಗೆ ಮತ್ತೆ ಕೇಳುವುದು ಬೇರೆ. ಅದಕ್ಕೆ ಈ ಅಭ್ಯಾಸಗಳು ಮದ್ದಲ್ಲ. ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ.

ಪರೀಕ್ಷೆ ಹಾಲಿನಲ್ಲಿ

ಹಿಂದಿನ ದಿನ ಹೊಸದೇನೂ ಮುಟ್ಟಬೇಡಿ, ಡಬ್ಬಿಯ ಮೊದಲ ಮನೆಯಷ್ಟೇ ಸಾಕು. ಹಾಲಿನಲ್ಲಿ ಒಂದು ಉತ್ತರ ನಾಲಿಗೆಯ ತುದಿಗೆ ಬಂದು ನಿಂತರೆ ಗುದ್ದಾಡಬೇಡಿ. ಪ್ರಶ್ನೆ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕಿ ಮುಂದೆ ಹೋಗಿ. ಎರಡನೇ ಸುತ್ತಿನಲ್ಲಿ ನೇರವಾಗಿ ಉತ್ತರ ಹುಡುಕುವ ಬದಲು ಅದರ ಅಕ್ಕಪಕ್ಕ ಹುಡುಕಿ: ಅದನ್ನು ಯಾವ ಪುಟದಲ್ಲಿ ಓದಿದ್ದೆ, ಆ ಚೀಟಿಯಲ್ಲಿ ಇನ್ನೇನಿತ್ತು, ದಾರಿಯಲ್ಲಿ ಎಲ್ಲಿ ಇಟ್ಟಿದ್ದೆ. ಹಾಗೂ ಬರಲಿಲ್ಲ, ನೆಗೆಟಿವ್ ಮಾರ್ಕ್ಸೂ ಇದೆ ಅಂದರೆ ಆಯ್ಕೆಗಳನ್ನು ನೋಡಿ. ನಾಲ್ಕರಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಲು ಆಗುತ್ತಿದ್ದರೆ ಮಾತ್ರ ಉತ್ತರದ ವೃತ್ತ ತುಂಬಿ. ಓಎಂಆರ್ ಹಾಳೆಯಲ್ಲಿ ಬಿಟ್ಟ ಪ್ರಶ್ನೆಯ ಸಾಲು ಜಿಗಿದಿದೆಯೋ ಇಲ್ಲವೋ ಅಂತ ಪ್ರತಿ ಹತ್ತು ಪ್ರಶ್ನೆಗೊಮ್ಮೆ ನೋಡಿಕೊಳ್ಳಿ.